ಮೊದಲ ವಡೆ ಬೀದಿಯ ಪಾಲು

ಬಾಣಲೆಯಿಂದ ಎದ್ದ ಮೊದಲ ವಡೆಯನ್ನು ಜೆನಿಲ್ಡಾ ತನ್ನ ಜೀವಮಾನದಲ್ಲಿ ಎಂದೂ ಮಾರಿದವಳಲ್ಲ. ಕೆಂಪು ತಾಳೆಎಣ್ಣೆ ಕಾದು ಅದರ ಮುಖ ಮಿನುಗಿದ ಕೂಡಲೇ ಅಲಸಂದೆ ಹಿಟ್ಟಿನಿಂದ ಒಂದು ಚಿಟಿಕೆ ತೆಗೆದು, ಗೋಲಿಗಿಂತ ತುಸು ದೊಡ್ಡದಾದ ಪುಟ್ಟ ವಡೆಯೊಂದನ್ನು ಕರಿದು, ಅದು ಆರುವ ಮೊದಲೇ ಬೀದಿಯ ಕಡೆಗೆ ಎಸೆಯುತ್ತಿದ್ದಳು. ಅದು ಹಾದಿಗಳ ಒಡೆಯನ ಪಾಲು. ಅವನು ಉಂಡ ಮೇಲೆಯೇ ಹಾದಿ ತೆರೆಯುವುದು, ಗಿರಾಕಿ ಬರುವುದು, ದಿನ ನಡೆಯುವುದು. ಬೀದಿನಾಯಿ ಕಚ್ಚಿಕೊಂಡು ಹೋದರೂ ಸರಿ, ಪಾರಿವಾಳ ಕುಕ್ಕಿದರೂ ಸರಿ, ಅದು ಅವನಿಗೇ ಸಂದಂತೆ. ಆಮೇಲೆ ಏಳುವ ದೊಡ್ಡ ವಡೆಗಳು ಊರಿನವು. ಅವನ್ನು ನಡುವೆ ಸೀಳಿ, ಒಣಸಿಗಡಿಯನ್ನೂ ತೆಂಗಿನಹಾಲು ಗೋಡಂಬಿಗಳ ಗೊಜ್ಜನ್ನೂ ತುಂಬಿ, "ಖಾರ ಹಾಕ್ಲಾ?" ಎಂದು ಕೇಳಿ ಕೊಡುತ್ತಿದ್ದಳು. ಇಡೀ ಬಹಿಯಾ ಸೀಮೆ ಅಕರಾಜೆ ಎಂದು ಕರೆಯುವ ಆ ವಡೆ ಜೆನಿಲ್ಡಾಳ ಪಾಲಿಗೆ ಬರಿಯ ತಿಂಡಿಯಾಗಿರಲಿಲ್ಲ. ಗಾಳಿಯನ್ನೂ ಸಿಡಿಲನ್ನೂ ಆಳುವ ತಾಯಿ ಇಯಾನ್ಸಾಳ ಪ್ರಸಾದವಾಗಿತ್ತು.

ನದಿಯ ಸೇತುವೆ ಇಳಿದ ಕೂಡಲೇ ಸಿಗುವ ಚೌಕದಲ್ಲಿ, ಹುಣಸೆಮರದ ಕೆಳಗೆ ಅವಳ ಜಾಗ. ಅವಳ ತಾಯಿ ಅಲ್ಲಿಯೇ ಕೂತಿದ್ದಳು, ತಾಯಿಯ ತಾಯಿಯೂ ಅಲ್ಲಿಯೇ. ಮೂವರ ಮುಂದೆಯೂ ಇದ್ದದ್ದು ಒಂದೇ ಹರಿವಾಣ: ಹಲಸಿನ ಮರದ್ದು, ಅಗಲವಾದದ್ದು, ಹೊತ್ತು ಹೊತ್ತು ನಡುಭಾಗ ತಲೆಯ ಆಕಾರಕ್ಕೇ ಸವೆದದ್ದು. ಆ ಹರಿವಾಣವನ್ನು ಕೊಳ್ಳುವುದಿಲ್ಲ, ಮಾರುವುದಿಲ್ಲ. ಕೊಡುವವಳು ತನ್ನ ತಲೆಯಿಂದ ಇಳಿಸಿ ತನ್ನ ಕೈಯಿಂದಲೇ ಪಡೆಯುವವಳ ತಲೆಯ ಮೇಲಿಡಬೇಕು; ಅದೂ ಡಿಸೆಂಬರ್ ತಿಂಗಳಲ್ಲಿ, ಸಂತ ಬಾರ್ಬರಾಳ ಹಬ್ಬದ ದಿನ, ಚೌಕದ ಜನರೆದುರು. ಬೆಳಿಗ್ಗೆ ಇಗರ್ಜಿಯಲ್ಲಿ ಬಾರ್ಬರಾಳಿಗೆ ಮೇಣದಬತ್ತಿ ಹಚ್ಚಿ, ಸಂಜೆ ಡೋಲಿನ ಮನೆಯಲ್ಲಿ ಇಯಾನ್ಸಾಳ ಮುಂದೆ ಕುಣಿಯುವವರಿಗೆ ಆ ಇಬ್ಬರೂ ಬೇರೆಯವರೆಂದು ತೋರಿದ್ದಿಲ್ಲ. ಒಂದೇ ಮನೆಗೆ ಎರಡು ಬಾಗಿಲು, ಅಷ್ಟೆ.

ಈ ವರ್ಷದ ಹಬ್ಬಕ್ಕೆ ಹರಿವಾಣ ಮರಿನಾಲ್ವಾಳ ತಲೆಗೆ ಹೋಗುವುದೆಂದು ಊರಿಗೆಲ್ಲ ಗೊತ್ತಿತ್ತು.

ಮರಿನಾಲ್ವಾ ಜೆನಿಲ್ಡಾಳ ಹೊಟ್ಟೆಯಲ್ಲಿ ಹುಟ್ಟಿದ ಮಗಳಲ್ಲ. ನದಿಯಲ್ಲಿ ಬಟ್ಟೆ ಒಗೆಯುತ್ತಿದ್ದ ಗೆಳತಿಯ ಮಗಳು. ಇಗರ್ಜಿಯಲ್ಲಿ ಮಗುವಿಗೆ ನೀರು ಹಾಕಿಸುವಾಗ ಎತ್ತಿಕೊಂಡವಳು ಜೆನಿಲ್ಡಾ. ಗೆಳತಿ ತೀರಿಕೊಂಡಾಗ ಕೈಹಿಡಿದು ಮನೆಗೆ ಕರೆತಂದವಳೂ ಅವಳೇ. ಆ ಸೀಮೆಯಲ್ಲಿ ಹಾಗೆ ಎತ್ತಿಕೊಂಡ ಜ್ಞಾನತಾಯಿಯನ್ನು ಮಕ್ಕಳು 'ದಿಂದಾ' ಎನ್ನುತ್ತಾರೆ. ಅಲಸಂದೆಯನ್ನು ನೆನೆಸುವುದು, ಉಜ್ಜಿ ಸಿಪ್ಪೆ ತೆಗೆಯುವುದು, ರುಬ್ಬಿದ ಹಿಟ್ಟನ್ನು ಮರದ ಹುಟ್ಟಿನಿಂದ ಹೊಡೆದು ಹೊಡೆದು ಹತ್ತಿಯ ಹಾಗೆ ಉಬ್ಬಿಸುವುದು, ಎಲ್ಲವನ್ನೂ ಮರಿನಾಲ್ವಾ ದಿಂದಾಳ ಮೊಣಕಾಲ ಬಳಿ ಕೂತು ಕಲಿತಳು. ಮೊದಲ ವಡೆಯನ್ನು ಬೀದಿಗೆ ಎಸೆಯುವುದನ್ನಂತೂ ಓದು ಬರೆಹಕ್ಕಿಂತ ಮೊದಲೇ ಕಲಿತಳು.

ಜೂನ್ ತಿಂಗಳ ಮಳೆಯಲ್ಲಿ ನದಿಯ ಮೆಟ್ಟಿಲು ಜಾರಿ ಜೆನಿಲ್ಡಾಳ ಬಲಗೈ ಮಣಿಕಟ್ಟು ಎರಡು ಮೂರು ಕಡೆ ಮುರಿಯಿತು. ಹುಟ್ಟು ಹಿಡಿಯುವ ಕೈ ಅದು. ಆಸ್ಪತ್ರೆಯವರು ಪ್ಲಾಸ್ಟರ್ ಹಾಕಿ, ಹಬ್ಬದವರೆಗೆ ಆ ಕೈಯಲ್ಲಿ ಒಂದು ಚಮಚವನ್ನೂ ಎತ್ತಬಾರದೆಂದರು. ಮರಿನಾಲ್ವಾ ಒಬ್ಬಳೇ ಚೌಕದಲ್ಲಿ ಕೂರತೊಡಗಿದಳು. ಮನೆಯಲ್ಲಿ ಒಬ್ಬಂಟಿಯಾದ ಜೆನಿಲ್ಡಾಳ ಬಾಗಿಲನ್ನು ಒಂದು ಮಧ್ಯಾಹ್ನ ಡಾಗ್ಮಾರ್ ತಟ್ಟಿದಳು.

ಡಾಗ್ಮಾರ್ ಎಂದರೆ ಸೇತುವೆಯಾಚೆ ಹೊಸದಾಗಿ ಎದ್ದಿದ್ದ ಪ್ರಾರ್ಥನಾಮಂದಿರದ ಸಹೋದರಿ. ಉದ್ದ ಲಂಗ, ಬಿಗಿಯಾಗಿ ಕಟ್ಟಿದ ತುರುಬು, ಕಂಕುಳಲ್ಲಿ ದೇವರ ಪುಸ್ತಕ, ಕೈಯಲ್ಲಿ ಬಟ್ಟೆ ಸುತ್ತಿದ ಸೂಪಿನ ಪಾತ್ರೆ. ಹಿರಿಯ ಹೆಂಗಸರನ್ನು ಆ ಊರಿನವರು ಕರೆಯುವಂತೆ ಅವಳೂ 'ದೋನಾ' ಎಂದೇ ಕರೆದಳು.

"ಒಳಗೆ ಬರ್ಲಾ, ದೋನಾ ಜೆನಿಲ್ಡಾ? ಮತ ಮಾತಾಡೋಕೆ ಬಂದಿಲ್ಲ. ಕೈ ಮುರಿದವರಿಗೆ ಒಲೆ ಹಚ್ಚೋಕೆ ಆಗಲ್ಲ ಅಂತ ಬಂದೆ."

"ಬಾಗಿಲು ತೆಗೆದೇ ಇದೆಯಲ್ಲಮ್ಮ. ದೇವರ ಹೆಸರಲ್ಲಿ ಬಂದವರನ್ನ ನಿಲ್ಲಿಸಿ ಮಾತಾಡಿಸಿದ್ರೆ ನಮ್ಮಮ್ಮ ಗೋರಿಯಿಂದ ಎದ್ದು ಬಂದು ಕಿವಿ ಹಿಂಡ್ತಾಳೆ. ಬಾ, ಕೂತ್ಕೊ."

ಸೂಪು ಚೆನ್ನಾಗಿತ್ತು, ಉಪ್ಪು ಮಾತ್ರ ಕಡಿಮೆ. ಡಾಗ್ಮಾರ್ ಪಾತ್ರೆ ತೊಳೆದಳು, ನೆಲ ಒರೆಸಿದಳು, ಗೂಡಿನಲ್ಲಿದ್ದ ಇಯಾನ್ಸಾಳ ಕಂದುಗೆಂಪು ಮಣಿಸರಗಳ ಕಡೆ ನೋಡಿಯೂ ನೋಡದವಳಂತೆ ಇದ್ದಳು. ಹೊರಡುವಾಗ ಜೆನಿಲ್ಡಾ, ಮರಿನಾಲ್ವಾ ಮಾಡಿಟ್ಟಿದ್ದ ಎರಡು ವಡೆಗಳನ್ನು ಬಾಳೆಲೆಯಲ್ಲಿ ಸುತ್ತಿ ಕೊಡಹೋದಳು. ಡಾಗ್ಮಾರಳ ಕೈ ಹಿಂದೆ ಸರಿಯಿತು.

"ಅದು... ನಾವು ತಿನ್ನೋ ಹಾಗಿಲ್ಲ, ದೋನಾ ಜೆನಿಲ್ಡಾ. ಬೇರೆಯವರಿಗೆ ಅರ್ಪಿಸಿದ್ದು ಅಂತ."

"ಅಯ್ಯೋ, ಅರ್ಪಿಸಿದ್ದು ನಾಯಿ ಆಗಲೇ ತಿಂದಾಯ್ತು, ಇದು ಉಳಿದಿದ್ದು!" ಎಂದು ಜೆನಿಲ್ಡಾ ನಕ್ಕಳು. ಡಾಗ್ಮಾರಳೂ ನಕ್ಕಳು, ಆದರೆ ಕೈ ಚಾಚಲಿಲ್ಲ. "ಆಯ್ತು ಬಿಡು. ನಿನ್ನ ಸೂಪು ನಾನು ಉಣ್ತೀನಿ, ನನ್ನ ವಡೆ ನೀನು ಮುಟ್ಟಬೇಡ. ನನಗೇ ಲಾಭ."

ನಗುವಿನಲ್ಲಿ ಹೇಳಿದ ಮಾತು ಅದು. ಆದರೆ ನಮ್ಮ ಮನೆಗೆ ಬಂದು ನಮ್ಮಲ್ಲಿ ಉಣ್ಣದವರ ಮೇಲೆ ಒಂದು ಕಣ್ಣಿಟ್ಟಿರಬೇಕೆಂದು ಅವಳ ತಾಯಿ ಹೇಳುತ್ತಿದ್ದದ್ದನ್ನು ಆ ಹೊತ್ತಿನಲ್ಲಿ ಅವಳು ನೆನೆಯಲಿಲ್ಲ.

ಡಾಗ್ಮಾರ್ ಮತ್ತೆ ಮತ್ತೆ ಬಂದಳು. ಬಂದಾಗಲೆಲ್ಲ ಜೆನಿಲ್ಡಾಳ ಎಡಗೈಯನ್ನು ಹಿಡಿದುಕೊಂಡು ಕಣ್ಣುಮುಚ್ಚಿ ಪ್ರಾರ್ಥಿಸುತ್ತಿದ್ದಳು. ಆ ಪ್ರಾರ್ಥನೆಯಲ್ಲಿ ಕಪಟವಿರಲಿಲ್ಲ. ಅವಳು ನಿಜವಾಗಿಯೂ ಅಳುತ್ತಿದ್ದಳು. ಅವಳ ಕಣ್ಣೀರು ಜೆನಿಲ್ಡಾಳ ಮುಂಗೈ ಮೇಲೆ ಬಿದ್ದದ್ದುಂಟು. ಒಂದು ದಿನ ಡಾಗ್ಮಾರ್ ಕೇಳಿದಳು:

"ಕೈ ವಾಸಿಯಾಗ್ಲಿ ಅಂತ ಬೇಡ್ಕೊಂಡಿದ್ದೀನಿ. ಮನಸ್ಸಲ್ಲಿ ಬೇರೆ ಏನಾದ್ರೂ ಇದ್ರೆ ಹೇಳಿ. ನಿಮಗೋಸ್ಕರ ಏನು ಬೇಡ್ಲಿ?"

ಪ್ರಾರ್ಥಿಸಲು ಬಂದವರಿಗೆ ಸುಳ್ಳು ಹೇಳುವುದು ಜೆನಿಲ್ಡಾಳ ಮತದಲ್ಲಿ ಪಾಪ. ಅವಳು ಚೌಕದಲ್ಲಿ ಎಂದೂ ಆಡದ ಮಾತನ್ನು ಆಡಿದಳು.

"ನನಗೊಬ್ಬ ಮಗ ಇದ್ದ. ಬೆನೆದಿತು ಅಂತ. ಇನ್ನೂ ಅಂಬೆಗಾಲು. ಸಂತ ಬಾರ್ಬರಾಳ ಹಬ್ಬದ ದಿನ ಮೈ ಬಿಸಿಯಾಗಿತ್ತು. ಹಬ್ಬದ ಜನ, ವ್ಯಾಪಾರ ಜೋರು. ಪಕ್ಕದ ಮನೆಯವಳ ಹತ್ರ ಬಿಟ್ಟು ಹೋದೆ. ಹಿಟ್ಟು ಮುಗಿಸಿ ಬರೋವಷ್ಟರಲ್ಲಿ..." ಅವಳು ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿ ಒತ್ತಿಕೊಂಡಳು. "ಆ ಹೆಸರನ್ನ ನಾನು ಬಾಯಲ್ಲಿ ತಂದು ಎಷ್ಟು ಕಾಲ ಆಯ್ತೋ. ಅವನಿಗಾಗಿ ಬೇಡ್ಕೊ ಮಗಳೇ. ನಾನು ಬಂದಿದ್ದೆ, ತಡವಾಗಿ ಆದ್ರೂ ಓಡ್ಕೊಂಡು ಬಂದಿದ್ದೆ ಅಂತ ಅವನಿಗೆ ಗೊತ್ತಾಗ್ಲಿ ಅಂತ ಬೇಡ್ಕೊ."

ಡಾಗ್ಮಾರ್ ಬೇಡಿಕೊಂಡಳು. ಅಂದು ಜೆನಿಲ್ಡಾಳಿಗೆ ಎದೆಯ ಮೇಲಿನ ಕಲ್ಲೊಂದನ್ನು ಯಾರೋ ಒಂದು ಬದಿಯಲ್ಲಿ ಎತ್ತಿ ಹಿಡಿದಂತೆನಿಸಿತು.

ಆ ಮಳೆಗಾಲ ಮುಗಿಯುವುದರೊಳಗೆ ಮರಿನಾಲ್ವಾ ಕೂಡ ಸೇತುವೆ ದಾಟಿ ಪ್ರಾರ್ಥನಾಮಂದಿರಕ್ಕೆ ಹೋಗತೊಡಗಿದಳು. ಮೊದಲು ಡಾಗ್ಮಾರಳ ಜೊತೆ, ಆಮೇಲೆ ಒಬ್ಬಳೇ. ಕೊರಳಿನ ಮಣಿಸರ ಒಂದು ದಿನ ಕಾಣದಾಯಿತು. ಜೆನಿಲ್ಡಾ ಕೇಳಿದಳು.

"ದಾರ ಸಡಿಲ ಆಗಿತ್ತು ದಿಂದಾ, ತೆಗೆದಿಟ್ಟಿದ್ದೀನಿ."

"ಆ ಪಾಸ್ಟರ್ ಒಸೇಯಾಸ್ ಚೆನ್ನಾಗಿ ಮಾತಾಡ್ತಾನಂತಲ್ಲ?"

"ನನ್ನ ಹೆಸರು ಹಿಡಿದು ಕರೀತಾರೆ ದಿಂದಾ. ಸಹೋದರಿ ಮರಿನಾಲ್ವಾ ಅಂತ. ಈ ಚೌಕದಲ್ಲಿ ನಾನು ಯಾವತ್ತಿದ್ರೂ ದೋನಾ ಜೆನಿಲ್ಡಾಳ ಹುಡುಗಿ."

ಜೆನಿಲ್ಡಾಳಿಗೆ ಚುರುಕ್ಕೆಂದಿತು, ಆದರೆ ಕೋಪ ಬರಲಿಲ್ಲ. "ಹೋಗು, ತಾಯಿ. ದೇವರ ಮನೆಗೆ ಹೋಗೋಕೆ ನನ್ನ ಅಪ್ಪಣೆ ಯಾಕೆ? ಹಬ್ಬದ ದಿನ ಮಾತ್ರ ತಲೆ ಖಾಲಿ ಇಟ್ಕೊಂಡು ಬಾ, ಹರಿವಾಣಕ್ಕೆ."

ಮರಿನಾಲ್ವಾ ಅಲಸಂದೆ ಉಜ್ಜುತ್ತ ಕೂತಳು.

ಎರಡು ಬಾಗಿಲಿನ ಮನೆಯಲ್ಲಿ ಹುಟ್ಟಿ ಬೆಳೆದ ಜೆನಿಲ್ಡಾ, ಸೇತುವೆಯಾಚೆ ತೆರೆದದ್ದು ಅದೇ ಮನೆಯ ಮೂರನೆಯ ಬಾಗಿಲೆಂದು ತಿಳಿದಳು. ಇಗರ್ಜಿಗೆ ಹೋದವರು ಡೋಲಿನ ಮನೆಯನ್ನು ಬಿಟ್ಟಿರಲಿಲ್ಲ. ಡೋಲಿನ ಮನೆಯವರು ಇಗರ್ಜಿಯನ್ನು ಬಿಟ್ಟಿರಲಿಲ್ಲ. ಒಂದು ಬಾಗಿಲು ತೆರೆಯಬೇಕಾದರೆ ಮಿಕ್ಕವನ್ನು ಮೊಳೆ ಹೊಡೆದು ಮುಚ್ಚುವವರೂ ಇರುತ್ತಾರೆಂಬುದು ಅವಳ ಕನಸಿಗೂ ಬಂದಿರಲಿಲ್ಲ.

ಅಕ್ಟೋಬರಿನಲ್ಲಿ ಪಾಸ್ಟರ್ ಒಸೇಯಾಸ್ ತಾವೇ ಮನೆಗೆ ಬಂದರು. ಇಸ್ತ್ರಿ ಹಾಕಿದ ಅಂಗಿ, ಮೃದುವಾದ ದನಿ. ಚೌಕದಲ್ಲಿ ಹಸಿದವರಿಗೆ ಅನ್ನ ಹಾಕುವ 'ದಯೆಯ ಶನಿವಾರ' ನಡೆಸುತ್ತೇವೆಂದೂ, ಬಂದವರಿಗೆ ಸಹೋದರಿ ಮರಿನಾಲ್ವಾಳ ಕೈಯ ಬಿಸಿ ವಡೆ ಕೊಡಬೇಕೆಂದಿದ್ದೇವೆಂದೂ ಹೇಳಿದರು. ಮರಿನಾಲ್ವಾ ಬಾಗಿಲ ಬಳಿ ನಿಂತು ನೆಲ ನೋಡುತ್ತ ಕೇಳಿದಳು:

"ದಿಂದಾ, ಹರಿವಾಣ, ಬಾಣಲೆ ಎರಡೂ ಬೇಕಿತ್ತು. ಆ ದಿನಕ್ಕೆ."

"ಹಸಿದವರಿಗೆ ಅಂದ್ಮೇಲೆ ಕೇಳೋದೇನು? ತಗೊಂಡು ಹೋಗು. ಮತ್ತೆ ತಂದಿಡು, ಅಷ್ಟೆ. ಹಬ್ಬಕ್ಕೆ ಬೇಕು."

"ದೇವರು ನಿಮ್ಮ ಉದಾರ ಮನಸ್ಸನ್ನ ಆಶೀರ್ವದಿಸಲಿ," ಎಂದರು ಪಾಸ್ಟರ್. ಕುಡಿಯಲು ಕೊಟ್ಟ ನೀರನ್ನು ಮುಟ್ಟದೆ ಎದ್ದರು.

ಶುಕ್ರವಾರ ಜೆನಿಲ್ಡಾ ಒಂದೇ ಕೈಯಲ್ಲಿ ಹರಿವಾಣವನ್ನು ಎಲೆನೀರಿನಿಂದ ತೊಳೆದಳು. ತಾಯಿ ಹೇಳಿಕೊಟ್ಟಿದ್ದ ಸೊಪ್ಪುಗಳು, ತಾಯಿ ಹೇಳಿಕೊಟ್ಟಿದ್ದ ಮಾತುಗಳು. ಯಾರ ಹಸಿವಿಗೆ ಹೋದರೇನು, ಹರಿವಾಣ ಹೋದಲ್ಲಿಗೆ ತಾಯಿ ಇಯಾನ್ಸಾಳೂ ಹೋಗುತ್ತಾಳೆ. ತಿಂದವರೆಲ್ಲ ಅವಳ ಕೈಯಿಂದಲೇ ತಿಂದಂತೆ. ಹೀಗೆಂದುಕೊಂಡು ಅವಳಿಗೆ ಒಳಗೊಳಗೇ ಖುಷಿಯೂ ಆಯಿತು: ವಡೆ ಮುಟ್ಟದ ಡಾಗ್ಮಾರ್ ನಾಳೆ ಏನು ಮಾಡುತ್ತಾಳೋ ನೋಡಬೇಕು!

ಶನಿವಾರ ಬಿಳಿಯ ಲಂಗ ಉಟ್ಟು, ತಲೆಗೆ ಬಿಳಿ ವಸ್ತ್ರ ಸುತ್ತಿ, ಮುರಿದ ಕೈಯನ್ನು ಕೊರಳಿಗೆ ಕಟ್ಟಿದ ಜೋಲಿಯಲ್ಲಿ ಹಾಕಿಕೊಂಡು ಜೆನಿಲ್ಡಾ ಚೌಕಕ್ಕೆ ಬಂದಳು. ಹುಣಸೆಮರದ ಎದುರಿಗೆ ನೀಲಿ ಡೇರೆ. ಧ್ವನಿವರ್ಧಕ. ಡೇರೆಯ ಮುಂದೆ ಅವಳ ಹರಿವಾಣ, ಹರಿವಾಣದ ಮುಂದೆ ದೊಡ್ಡ ಅಕ್ಷರಗಳ ಫಲಕ: 'ಯೇಸುವಿನ ವಡೆ'.

ಮೋಟಾರುಬೈಕಿನ ಮೇಲೆ ಜನರನ್ನು ಸಾಗಿಸುವ ಜುರಾಂದಿರ್ ಗಾಡಿಯಿಂದಲೇ ಕೂಗಿದ: "ದೋನಾ ಜೆನಿಲ್ಡಾ! ನಿಮ್ಮ ವಡೆಗೆ ದೀಕ್ಷಾಸ್ನಾನ ಆಯ್ತಂತೆ! ಎಣ್ಣೇಲಿ ಮುಳುಗಿಸಿದ್ರಂತೆ!"

ಅವಳು ನಕ್ಕುಬಿಟ್ಟಳು. "ಬರ್ಕೊಳ್ಲಿ ಬಿಡೋ. ಯೇಸುನೂ ಹಸಿದವರಿಗೆ ಹಂಚಿದವನೇ ಅಲ್ವಾ? ಒಂದು ದಿನ ಅವನ ಹೆಸರಲ್ಲಿ ಬೇಯ್ಲಿ. ನೀನು ತಿಂದ್ಯಾ?"

"ತಿಂದೆ. ಹಿಟ್ಟು ನಿಮ್ಮದೇ. ಆದ್ರೆ ಅಮ್ಮ..." ಜುರಾಂದಿರ್‌ನ ನಗು ಕಡಿಮೆಯಾಯಿತು. "ಹುಡುಗಿ ಮೊದಲನೇದನ್ನ ಎಸೀಲಿಲ್ಲ."

ಜೆನಿಲ್ಡಾ ಏನಾದರೂ ಹೇಳುವ ಮೊದಲೇ ಧ್ವನಿವರ್ಧಕ ಗೊರಗುಟ್ಟಿತು. ಪಾಸ್ಟರ್ ಒಸೇಯಾಸ್ ಸಹೋದರಿ ಮರಿನಾಲ್ವಾಳನ್ನು ಸಾಕ್ಷಿ ಹೇಳಲು ಕರೆದರು. ಮರಿನಾಲ್ವಾ ಎಣ್ಣೆಗೈಯನ್ನು ಒರೆಸಿಕೊಂಡು ನಿಂತಳು. ಮೊದಲು ದನಿ ನಡುಗಿತು. ಜನ 'ಆಮೆನ್' ಎಂದಾಗ ಗಟ್ಟಿಯಾಯಿತು. ತಾನು ಕತ್ತಲೆಯ ಮನೆಯಲ್ಲಿ ಬೆಳೆದೆನೆಂದಳು. ಈ ಹರಿವಾಣ ಮೂರು ತಲೆಮಾರು ದೆವ್ವಗಳಿಗೆ ಊಟ ಬಡಿಸಿತೆಂದಳು. ಇವತ್ತು ಯೇಸು ಇದನ್ನು ಗೆದ್ದುಕೊಂಡನೆಂದಳು.

ಜೆನಿಲ್ಡಾ ನಿಂತಲ್ಲಿಯೇ ನಿಂತಿದ್ದಳು. ಮಾತಿನ ಬಿರುಸು ಅದು, ಹುಡುಗಿಯ ಬಾಯಲ್ಲಿ ಪಾಸ್ಟರ್ ಇಟ್ಟ ಮಾತು, ಮನೆಗೆ ಬಂದ ಮೇಲೆ ಕಿವಿ ಹಿಂಡಿದರೆ ಸರಿಹೋಗುತ್ತದೆ ಎಂದುಕೊಳ್ಳುತ್ತಿದ್ದಳು.

"ಈ ಎಣ್ಣೆಯ ಮುಂದೆ ಕೂತಿದ್ದ ತಾಯಿಯ ಮಡಿಲಿಂದ," ಎಂದಳು ಮರಿನಾಲ್ವಾ, "ಆ ದೆವ್ವ ಒಂದು ಮಗುವನ್ನೇ ಕಿತ್ತುಕೊಳ್ತು. ಅದರ ಹಬ್ಬದ ದಿನವೇ ಬಲಿ ತಗೊಳ್ತು. ಆ ಮಗುವಿನ ಹೆಸರು ಬೆನೆದಿತು!"

"ಯೇಸು, ಕರುಣಿಸು!" ಎಂದಿತು ಡೇರೆ.

ಬೆನೆದಿತು. ಆ ಹೆಸರು ಧ್ವನಿವರ್ಧಕದಿಂದ ಹೊರಟು ಸೇತುವೆಯ ಕಬ್ಬಿಣಕ್ಕೆ ಬಡಿದು ಮತ್ತೆ ಚೌಕಕ್ಕೆ ಬಂತು. ಹೆತ್ತವಳೇ ಜೋರಾಗಿ ಕರೆಯಲು ಅಂಜುತ್ತಿದ್ದ ಹೆಸರು. ಈಗ ಅದನ್ನು ಕೇಳಿ ಮೀನು ಮಾರುವವಳು ತಿರುಗಿ ನೋಡಿದಳು, ಬಸ್ಸಿಗೆ ಕಾದವರು ತಿರುಗಿ ನೋಡಿದರು. ಡೇರೆಯ ಅಂಚಿನಲ್ಲಿ ನಿಂತಿದ್ದ ಡಾಗ್ಮಾರ್ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಆ ಒಂದು ನೋಟದಲ್ಲಿ ಜೆನಿಲ್ಡಾಳಿಗೆ ಎಲ್ಲವೂ ಅರ್ಥವಾಯಿತು. ಎಡಗೈ ಹಿಡಿದು ಅತ್ತವಳಿಂದ ಹೊರಟ ಮಾತು ಇಲ್ಲಿಗೆ ಬಂದು ತಲುಪಿದೆ.

ಅವಳು ಜನರ ನಡುವೆ ದಾರಿ ಮಾಡಿಕೊಂಡು ಹರಿವಾಣದ ಮುಂದೆ ಹೋಗಿ ನಿಂತಳು. ಅಳಲಿಲ್ಲ, ಕೂಗಲಿಲ್ಲ. ಎಡಗೈಯನ್ನು ಹರಿವಾಣದ ಅಂಚಿನ ಮೇಲಿಟ್ಟಳು.

"ಇದನ್ನ ಮನೆಗೆ ತಗೊಂಡು ಹೋಗ್ತೀನಿ, ಪಾಸ್ಟರ್."

"ಸಹೋದರಿ, ಶಾಂತವಾಗಿರಿ. ಇದನ್ನ ನೀವೇ ದೇವರ ಕೆಲಸಕ್ಕೆ ಅಂತ ಕೊಟ್ಟಿದ್ದೀರಿ. ದೇವರಿಗೆ ಕೊಟ್ಟಿದ್ದನ್ನ ಹಿಂದಕ್ಕೆ ಕೇಳಬಾರದು."

"ನಾನು ಹಸಿದವರಿಗೆ ಕೊಟ್ಟಿದ್ದು. ಒಂದು ದಿನಕ್ಕೆ." ಅವಳು ಮರಿನಾಲ್ವಾಳ ಕಡೆ ತಿರುಗಿದಳು. "ನೀನೂ ಬಾಗಿಲಲ್ಲೇ ನಿಂತಿದ್ದೆ. ನೀನೇ ಹೇಳು ಮಗಳೇ. ಎರವಲು ಕೊಟ್ಟೆನಾ, ದಾನ ಕೊಟ್ಟೆನಾ?"

ಚೌಕವೆಲ್ಲ ಮರಿನಾಲ್ವಾಳನ್ನು ನೋಡಿತು. ಡೇರೆಯೂ ನೋಡಿತು. ಮೈಕು ಇನ್ನೂ ಅವಳ ಕೈಯಲ್ಲೇ ಇತ್ತು. ಅವಳ ಉಸಿರು ಅದರಲ್ಲಿ ಕೇಳಿಸುತ್ತಿತ್ತು. ಅವಳು ಒಮ್ಮೆ ಪಾಸ್ಟರ್‌ರನ್ನು ನೋಡಿದಳು, ಒಮ್ಮೆ ಹಲಸಿನ ಮರದ ಸವೆದ ನಡುಭಾಗವನ್ನು ನೋಡಿದಳು. ದಿಂದಾಳ ಮುಖವನ್ನು ಮಾತ್ರ ನೋಡಲಿಲ್ಲ.

"ದಾನ," ಎಂದಳು.

ಎರಡಕ್ಷರ. ಹೊಟ್ಟೆಗೆ ಹಾಕಿ, ಮೈಗೆ ಮುಚ್ಚಿ, ಜ್ವರದಲ್ಲಿ ಹಣೆ ಒರೆಸಿ, ಮೊಣಕಾಲ ಬಳಿ ಕೂರಿಸಿಕೊಂಡು ಕೈ ತಿದ್ದಿದ ಅಷ್ಟು ವರ್ಷಗಳನ್ನು ಆ ಎರಡಕ್ಷರ ಎತ್ತಿ ಪಕ್ಕಕ್ಕಿಟ್ಟಿತು. ಜೆನಿಲ್ಡಾ ಹರಿವಾಣದ ಮೇಲಿಂದ ಕೈ ತೆಗೆದಳು. ಜುರಾಂದಿರ್ ಗಾಡಿ ನಿಲ್ಲಿಸಿ ಓಡಿಬಂದು ಅಬ್ಬರಿಸಿದ, ಮೀನು ಮಾರುವವಳು ಬಾಯಿಗೆ ಬಂದಂತೆ ಬೈದಳು. ಜೆನಿಲ್ಡಾ ಅವರನ್ನು ಕಣ್ಣಿನಲ್ಲೇ ತಡೆದಳು.

"ಬಿಡ್ರಪ್ಪ. ಅವಳು ಹೇಳಿದ್ಮೇಲೆ ಮುಗೀತು. ಕಿತ್ತಾಡಿ ತಂದ ಹರಿವಾಣದ ಮೇಲೆ ತಾಯಿ ಕೂರಲ್ಲ."

ಮಾರನೆಯ ದಿನ ಡಾಗ್ಮಾರ್ ಬಂದಳು. ಕೈಯಲ್ಲಿ ಸೂಪಿನ ಪಾತ್ರೆ ಇರಲಿಲ್ಲ, ಪುಸ್ತಕವೂ ಇರಲಿಲ್ಲ. ಹೊಸ್ತಿಲಾಚೆಯೇ ನಿಂತಳು. ಬಾಗಿಲು ಎಂದಿನಂತೆ ತೆರೆದೇ ಇತ್ತು, ಆದರೆ ಜೆನಿಲ್ಡಾ 'ಬಾ' ಎನ್ನಲಿಲ್ಲ.

"ಪ್ರಾರ್ಥನಾಕೂಟದಲ್ಲಿ ಹೇಳಿದೆ, ದೋನಾ ಜೆನಿಲ್ಡಾ. ಎಲ್ಲರೂ ಸೇರಿ ನಿಮಗಾಗಿ ಬೇಡ್ಕೊಳ್ಲಿ ಅಂತ. ದೇವರಾಣೆಗೂ ಅಷ್ಟಕ್ಕೇ ಹೇಳಿದ್ದು. ಮರಿನಾಲ್ವಾನೂ ಅಲ್ಲೇ ಕೂತಿದ್ಲು. ಪಾಸ್ಟರ್ ಅದನ್ನ ಹೀಗೆ ಮಾಡ್ತಾರೆ ಅಂತ ನನಗೆ..."

"ದೇವರಿಗೆ ಕಿವಿ ಮಂದ ಅಂತ ಯಾರು ಹೇಳಿದ್ರು ನಿನಗೆ?" ಜೆನಿಲ್ಡಾಳ ದನಿ ಏರಲಿಲ್ಲ. "ನಾನು ನಿನಗೆ ಹೇಳಿದೆ. ನೀನು ಅವನಿಗೆ ಹೇಳಿದೆ. ಅಲ್ಲಿಗೆ ಮುಟ್ಟಿತ್ತಲ್ಲ? ಮಧ್ಯೆ ಅಷ್ಟು ಜನ ಯಾಕೆ ಬೇಕಾಗಿತ್ತು?"

ಆ ಪ್ರಶ್ನೆಗೆ ಉತ್ತರ ನಮ್ಮಲ್ಲಿ ಯಾರ ಬಳಿ ಇದೆ? ಈ ಕತೆ ಹೇಳುವ ನಾನೂ ಸೇರಿ, ಶುಭವಾರ್ತೆಯನ್ನು ಹೊತ್ತು ಪರರ ಹೊಸ್ತಿಲು ತುಳಿಯುವ ಜನ ನಾವು. ಹಸಿದವರ ಮನೆಗೆ ಸೂಪು ಒಯ್ಯಿರೆಂದು ನಮ್ಮ ಕರ್ತನು ಹೇಳಿದ್ದು ನಿಜ. ಅಳುವವರೊಡನೆ ಅಳಿರೆಂದು ನಮಗೆ ಕಲಿಸಿದ್ದೂ ನಿಜ. ಆದರೆ ಅವರ ಕಣ್ಣೀರನ್ನು ಬಾಟಲಿಯಲ್ಲಿ ತುಂಬಿ ತಂದು ಸಂತೆಯಲ್ಲಿ ತೋರಿಸಿರೆಂದು ಆತನು ಎಲ್ಲಿಯೂ ಹೇಳಿಲ್ಲ. ಯಾರ ಮನಸ್ಸನ್ನಾದರೂ ತೆರೆಸಬಲ್ಲವನು ಆತನು. ಬೀಗ ಮುರಿಯಲು ನಮ್ಮನ್ನು ಕಳುಹಿಸಿದವನಲ್ಲ. ಮರಿನಾಲ್ವಾ ಆತನನ್ನು ನಿಜವಾಗಿಯೇ ಪ್ರೀತಿಸಿದ್ದಿರಬಹುದು, ಅದನ್ನು ತೂಗುವ ತಕ್ಕಡಿ ನಮ್ಮ ಕೈಯಲ್ಲಿಲ್ಲ. ಆದರೆ ಸುಳ್ಳುಸಾಕ್ಷಿ ಹೇಳಬೇಡವೆಂದ ದೇವರ ಹೆಸರಿನಲ್ಲಿಯೇ ಅವಳು ಆ ಮಾತು ಆಡಿದಳು. ಆ ಮಾತು ಅವಳಿಗಿಂತ ಭಾರವಾಗಿ ಇನ್ನೂ ಆ ಚೌಕದಲ್ಲಿ ಬಿದ್ದಿದೆ.

"ಹರಿವಾಣ ನಾನು ತರಿಸಿಕೊಡ್ತೀನಿ," ಎಂದಳು ಡಾಗ್ಮಾರ್. "ಕೂಟದಲ್ಲಿ ಎದ್ದು ನಿಂತು ಕೇಳ್ತೀನಿ."

"ನೀನು ತಂದ್ರೆ ಅದು ಬರೀ ಮರ ಕಣಮ್ಮ. ಅವಳು ತರಬೇಕು." ಆಮೇಲೆ, ಒಲ್ಲದ ಮನಸ್ಸಿನಿಂದಲೇ ಎಂಬಂತೆ ಕೇಳಿದಳು: "ಬಿಸಿಲಲ್ಲಿ ಬಂದಿದ್ದೀಯ. ನೀರು ಬೇಕಾ?"

ಡಾಗ್ಮಾರ್ ಹೊಸ್ತಿಲಲ್ಲಿ ನಿಂತೇ ನೀರು ಕುಡಿದು, ಲೋಟವನ್ನು ಎರಡು ಕೈಯಿಂದ ಹಿಂದಿರುಗಿಸಿ ಹೋದಳು. ಮರಿನಾಲ್ವಾ ತನ್ನ ಬಟ್ಟೆಬರೆಗೆ ಕೂಡ ಬರಲಿಲ್ಲ. ಯಾರೋ ಸಹೋದರಿಯರು ಬಂದು ಕಟ್ಟಿಕೊಂಡು ಹೋದರು. ಮಂಚದ ಕೆಳಗೆ ಅವಳ ಮಣಿಸರ ಸಿಕ್ಕಿತು. ದಾರ ಸಡಿಲವಾಗಿರಲಿಲ್ಲ. ಕತ್ತರಿಯಿಂದ ಕತ್ತರಿಸಿದ್ದಾಗಿತ್ತು.

ಸಂತ ಬಾರ್ಬರಾಳ ಹಬ್ಬ ಬಂತು. ಇಡೀ ಊರು ಕೆಂಪು ಉಟ್ಟಿತು. ಜೆನಿಲ್ಡಾಳ ಪ್ಲಾಸ್ಟರ್ ತೆಗೆದಿದ್ದರೂ ಬಲಗೈಗೆ ಹಿಡಿತ ಬಂದಿರಲಿಲ್ಲ. ಹಿಂದಿನ ದಿನವೇ ಎಡಗೈಯಲ್ಲಿ ಹುಟ್ಟು ಹಿಡಿದು ಹಿಟ್ಟು ಹೊಡೆದಿದ್ದಳು; ಅದು ಎಂದಿನಂತೆ ಉಬ್ಬಿರಲಿಲ್ಲ. ಡೋಲಿನ ಮನೆಯವರು ಒಂದು ಬಾಣಲೆ ಕೊಟ್ಟರು. ಹರಿವಾಣದ ಬದಲಿಗೆ ಜುರಾಂದಿರ್ ತನ್ನ ಮನೆಯ ಕಪಾಟಿನ ಹಲಗೆಯೊಂದನ್ನು ಕಿತ್ತು ತಂದಿದ್ದ.

"ಹೆಂಡತಿ ಬೈಯಲ್ವೇನೋ?"

"ಬೈತಾಳೆ. ಅದಕ್ಕೇ ಎರಡು ವಡೆ ಜಾಸ್ತಿ ಕಟ್ಟಿ."

ಹುಣಸೆಮರದ ಕೆಳಗೆ ಅವಳು ಕೂತಳು. ಎದುರಿಗೆ, ಚೌಕದ ಆಚೆ ಬದಿಗೆ, ನೀಲಿ ಡೇರೆ. ಹಬ್ಬದ ಜನರಿಗೆಂದೇ ಅವರೂ ಅಂದು ಬಂದಿದ್ದರು. ಬಿಳಿ ಏಪ್ರನ್ ಕಟ್ಟಿಕೊಂಡ ಮರಿನಾಲ್ವಾ ಹಲಸಿನ ಹರಿವಾಣದ ಹಿಂದೆ ಕೂತು ಎಣ್ಣೆ ಕಾಯುವುದನ್ನೇ ನೋಡುತ್ತಿದ್ದಳು. ಎಣ್ಣೆಯ ಮುಖ ಮಿನುಗಿದ್ದನ್ನು ಇಬ್ಬರೂ ಒಂದೇ ಗಳಿಗೆಯಲ್ಲಿ ಕಂಡರು. ಒಬ್ಬಳು ಇನ್ನೊಬ್ಬಳಿಂದ ಕಲಿತದ್ದಲ್ಲವೇ!

ಆಗ ಜೆನಿಲ್ಡಾ ನೋಡಿದಳು: ಮರಿನಾಲ್ವಾಳ ಬೆರಳು ಹಿಟ್ಟಿನಿಂದ ಒಂದು ಚಿಟಿಕೆ ತೆಗೆಯಿತು. ಡೇರೆಯ ಗದ್ದಲದಲ್ಲಿ, ಹಬ್ಬದ ಪಟಾಕಿಯ ಸದ್ದಿನಲ್ಲಿ, ಅವಳಿಗೇ ಅರಿವಿಲ್ಲದೆ ಕೈ ತನ್ನ ಹಳೆಯ ಹಾದಿ ಹಿಡಿದಿತ್ತು. ಪುಟ್ಟ ವಡೆ ಎಣ್ಣೆಯಲ್ಲಿ ಹೊರಳಿ ಕೆಂಪಾಗಿ ಮೇಲೆ ಬಂತು. ಮರಿನಾಲ್ವಾ ಅದನ್ನು ಎತ್ತಿ ಅಂಗೈಗೆ ಹಾಕಿಕೊಂಡು, ಬಿಸಿಗೆ ಕೈ ಕುಣಿಸುತ್ತ, ಬೀದಿಯ ಕಡೆ ತೋಳು ಎತ್ತಿದಳು. ಎತ್ತಿದ ತೋಳು ಅಲ್ಲೇ ನಿಂತಿತು. ಚೌಕದ ಈಚೆ ಬದಿಯಿಂದ ನೋಡುತ್ತಿದ್ದ ಕಣ್ಣುಗಳನ್ನು ಅವಳು ಕಂಡಿದ್ದಳು.

ಎಸೆ, ಎಂದಿತು ಜೆನಿಲ್ಡಾಳ ಎದೆ. ಎಸೆದುಬಿಡು, ಮಗಳೇ. ಅಷ್ಟು ಸಾಕು. ಅದು ಬೀದಿಗೆ ಬಿದ್ದರೆ ಹರಿವಾಣ ಎಲ್ಲಿಗೂ ಹೋಗಿಲ್ಲ, ಅದು ಇರಬೇಕಾದವಳ ಹತ್ತಿರವೇ ಇದೆ. ಮಿಕ್ಕದ್ದನ್ನೆಲ್ಲ ನಾನು ನುಂಗಿಕೊಳ್ಳುತ್ತೇನೆ. ಬೆನೆದಿತುವಿನ ಹೆಸರನ್ನೂ.

"ಸಹೋದರಿ ಮರಿನಾಲ್ವಾ!" ಒಳಗಿನಿಂದ ಪಾಸ್ಟರ್‌ರ ದನಿ ಕರೆಯಿತು.

ಮರಿನಾಲ್ವಾ ತೋಳು ಇಳಿಸಿದಳು. ಕಾಲ ಬಳಿ ಇದ್ದ ಕಸದ ಡಬ್ಬಿಗೆ ಆ ಪುಟ್ಟ ವಡೆಯನ್ನು ಹಾಕಿ, ಏಪ್ರನ್ನಿಗೆ ಕೈ ಒರೆಸಿಕೊಂಡು, "ಬಂದೆ" ಎಂದು ಎದ್ದಳು.

ಜೆನಿಲ್ಡಾಳ ಬಾಣಲೆ ಹೊಗೆಯತೊಡಗಿತ್ತು. ಅವಳು ಬೆಂಕಿ ತಗ್ಗಿಸಿ, ಎಡಗೈಯಿಂದ ಒಂದು ಚಿಟಿಕೆ ಹಿಟ್ಟು ಬಿಟ್ಟಳು. ಸೊಟ್ಟಗಿನ ಪುಟ್ಟ ವಡೆ ಎದ್ದಿತು. ಎಸೆದಳು. ಎಡಗೈಯ ಎಸೆತ ದೂರ ಹೋಗಲಿಲ್ಲ, ಹುಣಸೆಮರದ ಬೇರಿನ ಬಳಿಯೇ ಬಿತ್ತು. ಆಮೇಲೆ ಅವಳ ಮನೆತನದಲ್ಲಿ ಯಾರೂ ಮಾಡದ್ದನ್ನು ಮಾಡಿದಳು: ಇನ್ನೊಂದು ಚಿಟಿಕೆ ತೆಗೆದು, ಇನ್ನೊಂದು ಪುಟ್ಟ ವಡೆ ಕರಿದು, ಎದ್ದು ನಿಂತು, ಚೌಕದ ನಡುವಿಗೆ ನಾಲ್ಕು ಹೆಜ್ಜೆ ನಡೆದು ಅದನ್ನು ಅಲ್ಲಿಟ್ಟು ಬಂದಳು.

"ಇದ್ಯಾರಿಗಮ್ಮ ಎರಡನೇದು?" ಎಂದ ಜುರಾಂದಿರ್.

"ಆ ಹರಿವಾಣದ ಪಾಲಿಂದು. ಅದಕ್ಕೇನು ಗೊತ್ತು, ಪಾಪ, ಅದು ಮರ. ಹಾದಿಯವನು ಅದರ ಮೇಲೆ ಮುನಿಸ್ಕೋಬಾರದಲ್ಲ."

ಸಂಜೆ ಮೆರವಣಿಗೆ ಹಾದುಹೋಗುವಾಗ ಹರಿವಾಣ ಹೊರಿಸುವ ಹೊತ್ತಾಯಿತೆಂದು ಕೆಲವರು ಅಭ್ಯಾಸದಿಂದ ಹುಣಸೆಮರದ ಕಡೆ ನೋಡಿದರು. ಅಲ್ಲಿ ಕಪಾಟಿನ ಹಲಗೆಯ ಹಿಂದೆ ಕೆಂಪು ಉಟ್ಟ ಮುದುಕಿಯೊಬ್ಬಳು ಎಡಗೈಯಲ್ಲಿ ವಡೆ ಸೀಳುತ್ತಿದ್ದಳು. ಅವಳ ಪಕ್ಕದಲ್ಲಿ ತಲೆ ಖಾಲಿ ಇಟ್ಟುಕೊಂಡು ನಿಂತವರು ಯಾರೂ ಇರಲಿಲ್ಲ. ಗಿರಾಕಿಯೊಬ್ಬ ಕೈ ಚಾಚಿದಾಗ ಅವಳು ತಲೆ ಎತ್ತದೆಯೇ ಕೇಳಿದಳು:

"ಖಾರ ಹಾಕ್ಲಾ?"